ಮೊಲ, ಗಿನಿಪಿಗ್‌ಗಳಿಗೆ ಗುಳಿಗೆ ಆಹಾರ ಆರಿಸುವ ಬಗೆ



ದನಕರು, ಕುರಿ, ಕೋಳಿಗಳ ಮೇವಿನ ವಿಚಾರವನ್ನು ನೀವು ಮೇಲಿಂದ ಮೇಲೆ ಕೇಳುತ್ತಲೇ ಇರುತ್ತೀರಿ. ಈ ಹೊತ್ತು ಅವಕ್ಕಿಂತ ಬಹಳ ಚಿಕ್ಕವಾದ ಎರಡು ಪ್ರಾಣಿಗಳ ಹೊಟ್ಟೆಯ ವಿಚಾರ ಹೇಳುವವನಿದ್ದೇನೆ. ಒಂದು ಸಾಕುಮೊಲ, ಇನ್ನೊಂದು ಗಿನಿಪಿಗ್. "ಇದೇನು ಸ್ವಾಮಿ, ಹಾಲು ಕೊಡದ, ಹೊಲ ಉಳದ ಪ್ರಾಣಿಗೆ ಇಷ್ಟು ಹೊತ್ತು ಮಾತೆ?" ಎಂದು ಯಾರಾದರೂ ಕೇಳಬಹುದು. ಆದರೆ ಮಕ್ಕಳ ಹಟಕ್ಕೆ ಸೋತು ಸಂತೆಯಿಂದಲೋ ಪೇಟೆಯ ಅಂಗಡಿಯಿಂದಲೋ ಒಂದು ಜೊತೆ ತರುವ ಮನೆಗಳು ಹಳ್ಳಿಯಲ್ಲೂ ಉಂಟು, ಪೇಟೆಯಲ್ಲೂ ಉಂಟು. ಒಳ್ಳೆಯ ಆರೈಕೆ ಸಿಕ್ಕರೆ ಮೊಲ ೮ ರಿಂದ ೧೦ ವರ್ಷ, ಗಿನಿಪಿಗ್ ೫ ರಿಂದ ೭ ವರ್ಷ ಬದುಕತಕ್ಕ ಪ್ರಾಣಿ. ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಅವು ವರ್ಷ ತುಂಬುವುದರೊಳಗೆ ಕಣ್ಣು ಮುಚ್ಚುತ್ತವೆ. ಮಕ್ಕಳು ಅಳುತ್ತಾರೆ, ದೊಡ್ಡವರು "ದೃಷ್ಟಿ ತಾಗಿತು, ಗಾಳಿ ಸೋಕಿತು" ಅನ್ನುತ್ತಾರೆ. ಬಹಳ ಸಲ ಕಾರಣ ದೃಷ್ಟಿಯಲ್ಲೂ ಇಲ್ಲ, ಗಾಳಿಯಲ್ಲೂ ಇಲ್ಲ. ಅದು ಮುಂದಿಟ್ಟ ಬಟ್ಟಲಿನಲ್ಲಿಯೇ ಇರುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾನು ಹೇಳುವುದು ಸಾಕುಮೊಲದ ಸಂಗತಿ. ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಓಡಾಡುವ ನಮ್ಮ ಕಾಡುಮೊಲ ಬೇರೆಯೇ ಜಾತಿ. ಅದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಉಂಟು. ಅದನ್ನು ಹಿಡಿದು ತಂದು ಸಾಕುವಂತಿಲ್ಲ. ಇನ್ನು ಗಿನಿಪಿಗ್. ಹೆಸರಿನಲ್ಲಿ ಹಂದಿ ಉಂಟು, ಆದರೆ ಅದು ಹಂದಿಯಲ್ಲ. ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ, ಬಾಲವಿಲ್ಲದ ದಂಶಕ ಪ್ರಾಣಿ ಅದು. ಮೊಲಕ್ಕೂ ಅದಕ್ಕೂ ಕುಲದಲ್ಲಿ ನಂಟಿಲ್ಲ. ಆದರೂ ಎರಡೂ ಹುಲ್ಲು ತಿಂದು ಬದುಕುವಂಥವು. ಎರಡರ ಹೊಟ್ಟೆಯ ವ್ಯವಸ್ಥೆಯೂ ಹೆಚ್ಚು ಕಡಿಮೆ ಒಂದೇ ತರಹ.

ಈ ಹೊಟ್ಟೆಯ ವ್ಯವಸ್ಥೆ ಏನೆಂಬುದನ್ನು ತಿಳಿದುಕೊಂಡರೆ ಮಿಕ್ಕದ್ದೆಲ್ಲ ತಾನೇ ತಿಳಿಯುತ್ತದೆ. ಹಸುವಿಗೆ ಮುಂಭಾಗದಲ್ಲಿ ದೊಡ್ಡ ಹೊಟ್ಟೆ ಉಂಟು. ತಿಂದ ಹುಲ್ಲು ಅಲ್ಲಿ ಹುಳಿತು, ಮತ್ತೆ ಬಾಯಿಗೆ ಬಂದು ಮೆಲುಕಾಗಿ ಮುಂದೆ ಹೋಗುತ್ತದೆ. ಮೊಲಕ್ಕೆ, ಗಿನಿಪಿಗ್‌ಗೆ ಮೆಲುಕಿಲ್ಲ. ಅವಕ್ಕೆ ಹುಳಿಯುವ ಜಾಗ ಇರುವುದು ಹಿಂಭಾಗದಲ್ಲಿ, ಕುರುಡುಗರುಳು ಎಂಬ ದೊಡ್ಡ ಚೀಲದಲ್ಲಿ. ತಿಂದದ್ದು ಸಣ್ಣಕರುಳು ದಾಟಿ ಬಂದ ಮೇಲೆ ಅಲ್ಲಿ ಒಂದು ವಿಂಗಡಣೆ ನಡೆಯುತ್ತದೆ. ಒರಟಾದ, ಉದ್ದನೆಯ ನಾರು ನಿಲ್ಲದೆ ಮುಂದೆ ಸಾಗಿ ಗುಂಡಗಿನ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣುಪಾದ ಕಣಗಳು ಮಾತ್ರ ಕುರುಡುಗರುಳಿಗೆ ತಿರುಗುತ್ತವೆ. ಅಲ್ಲಿರುವ ಸೂಕ್ಷ್ಮ ಜೀವಿಗಳು ಅದನ್ನು ಹುಳಿಸಿ ಸತ್ವ ಮಾಡುತ್ತವೆ. ಆ ಸತ್ವವೆಲ್ಲ ಮೆತ್ತಗಿನ, ಹೊಳೆಯುವ ದ್ರಾಕ್ಷಿ ಗೊಂಚಲಿನಂಥ ಹಿಕ್ಕೆಯಾಗಿ ಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಗೊಡದೆ ತಾನೇ ತಿಂದುಬಿಡುತ್ತದೆ. ನೋಡಿದವರು ಅಸಹ್ಯ ಪಡಬೇಕಾಗಿಲ್ಲ. ಅದೇ ಅದರ ಮೆಲುಕು ಅಂತ ತಿಳಿಯಿರಿ.

ಈ ಯಂತ್ರ ನಿಲ್ಲದೆ ನಡೆಯಬೇಕಾದರೆ ಉದ್ದನೆಯ ನಾರು ಸದಾ ಒಳಗೆ ಹೋಗುತ್ತಿರಬೇಕು. ಕರುಳನ್ನು ತಳ್ಳುವುದು ಅದೇ. ನಾರು ಕಡಿಮೆಯಾಗಿ ಪಿಷ್ಟ, ಸಕ್ಕರೆ ಹೆಚ್ಚಾದರೆ ಕರುಳಿನ ನಡಿಗೆ ನಿಧಾನವಾಗುತ್ತದೆ. ಕುರುಡುಗರುಳಿನಲ್ಲಿ ಕೆಟ್ಟ ಜೀವಾಣುಗಳು ಬೆಳೆದು ವಾಯು ತುಂಬುತ್ತದೆ. ಈ ಪ್ರಾಣಿಗಳಿಗೆ ವಾಂತಿ ಮಾಡುವ ಶಕ್ತಿ ಇಲ್ಲ. ಒಳಗೆ ಕೆಟ್ಟದ್ದು ಮೇಲಿಂದ ಹೊರಗೆ ಬರುವ ದಾರಿಯೇ ಇಲ್ಲ. ಹೊಟ್ಟೆ ನೊಂದ ಮೊಲ ಕೂಗುವುದಿಲ್ಲ, ಒದ್ದಾಡುವುದಿಲ್ಲ. ಮೂಲೆಯಲ್ಲಿ ಮುದುಡಿ ಕೂರುತ್ತದೆ, ಅಷ್ಟೆ. "ಮಲಗಿದೆ ಬಿಡು" ಅಂತ ಮನೆಯವರು ಸುಮ್ಮನಾಗುತ್ತಾರೆ. ಬೆಳಗಾಗುವ ಹೊತ್ತಿಗೆ ಅದು ತಣ್ಣಗಾಗಿರುತ್ತದೆ.

ಎರಡನೆಯ ಸಂಗತಿ ಹಲ್ಲಿನದು. ಮೊಲಕ್ಕೆ ೨೮ ಹಲ್ಲು, ಗಿನಿಪಿಗ್‌ಗೆ ೨೦. ಮುಂದಿನ ಬಾಚಿಹಲ್ಲು ಮಾತ್ರವಲ್ಲ, ಹಿಂದಿನ ದವಡೆ ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು ೨ ಮಿಲಿಮೀಟರ್ ಬೆಳೆಯುತ್ತದೆ. ಬೆಳೆದಷ್ಟೂ ಸವೆಯಬೇಕು. ಒಣಹುಲ್ಲನ್ನು ಬೀಸುಕಲ್ಲಿನ ಹಾಗೆ ಅಡ್ಡಡ್ಡಲಾಗಿ ಅರೆಯುವಾಗ ದವಡೆ ಹಲ್ಲು ಸಮನಾಗಿ ಸವೆಯುತ್ತದೆ. ಕಾಳು, ಗುಳಿಗೆಗಳನ್ನು ಅದು ಮೇಲೆ ಕೆಳಗೆ ಕುಟ್ಟಿ ಪುಡಿ ಮಾಡುತ್ತದೆ. ಅದರಿಂದ ಆಗುವ ಸವೆತ ಸಾಲದು. ಹಲ್ಲಿನ ಅಂಚು ಚೂಪಾಗಿ ಬೆಳೆದು ನಾಲಗೆಯನ್ನೋ ಕೆನ್ನೆಯನ್ನೋ ಚುಚ್ಚುತ್ತದೆ.

ನನ್ನ ವಲಯದ ಒಂದು ಹಳ್ಳಿಯಲ್ಲಿ ಇಂಥದೊಂದು ಕಂಡೆ. ಮನೆಯವರು ಬಹಳ ಅಕ್ಕರೆಯಿಂದ ಎರಡು ಮೊಲ ಸಾಕಿದ್ದರು. ಬೆಳಗ್ಗೆ ಬಿಸ್ಕತ್ತು, ಮಧ್ಯಾಹ್ನ ಚಪಾತಿ ಚೂರು, ಸಂಜೆ ಪೇಟೆಯಿಂದ ತಂದ ಬಣ್ಣಬಣ್ಣದ ಕಾಳುಗಳ ಮಿಶ್ರಣ. ಹುಲ್ಲು ಮಾತ್ರ ಇರಲಿಲ್ಲ. ಸುತ್ತ ಬದುವಿನ ತುಂಬ ಗರಿಕೆ ಇತ್ತು! ಒಂದು ಮೊಲ ಬಟ್ಟಲಿನ ಹತ್ತಿರ ಬರುತ್ತಿತ್ತು, ಮೂಸುತ್ತಿತ್ತು, ಬಾಯಿ ಹಾಕಿ ಹಿಂದಕ್ಕೆ ಸರಿಯುತ್ತಿತ್ತು, ಗದ್ದವೆಲ್ಲ ಜೊಲ್ಲು. ಪಶುವೈದ್ಯರು ಬಾಯಿ ತೆಗೆದು ನೋಡಿದಾಗ ದವಡೆ ಹಲ್ಲು ನಾಲಗೆಯನ್ನು ಕೊರೆದಿತ್ತು. ಅದು ಉಳಿಯಲಿಲ್ಲ. ತುಂಬಿದ ಬಟ್ಟಲಿನ ಮುಂದೆ ಹಸಿವಿನಿಂದ ಸತ್ತಿತು. ಇನ್ನೊಂದಕ್ಕೆ ಹುಲ್ಲು ಹಿಡಿಸಿದರು, ಅದು ಚೇತರಿಸಿಕೊಂಡಿತು. ಪ್ರೀತಿಗೆ ಆ ಮನೆಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಿಳಿವಳಿಕೆಯದು.

ಆದ್ದರಿಂದ ಗುಳಿಗೆಯ ಮಾತಿಗೆ ಮುಂಚೆ ಹುಲ್ಲಿನ ಮಾತು. ಬೆಳೆದ ಮೊಲ, ಗಿನಿಪಿಗ್ ತಿನ್ನುವುದರಲ್ಲಿ ನೂರಕ್ಕೆ ೮೦ ಭಾಗವಾದರೂ ಹುಲ್ಲೇ ಆಗಿರಬೇಕು. ಅದು ಹಗಲೂ ರಾತ್ರಿಯೂ ಗೂಡಿನಲ್ಲಿ ಇರತಕ್ಕದ್ದು. ಪೇಟೆಯಲ್ಲಿ ಟಿಮೊಥಿ ಎಂಬ ಚಳಿದೇಶದ ಒಣಹುಲ್ಲು ಪೊಟ್ಟಣದಲ್ಲಿ ಸಿಗುತ್ತದೆ. ಒಳ್ಳೆಯದೇ, ಆದರೆ ಬೆಲೆ ಜಾಸ್ತಿ. ಅದೇ ಆಗಬೇಕೆಂದಿಲ್ಲ. ನಮ್ಮ ಗರಿಕೆ, ಅಂಜನ್ ಹುಲ್ಲು, ರೋಡ್ಸ್ ಹುಲ್ಲು, ಗಿನಿ ಹುಲ್ಲು ಇವುಗಳನ್ನು ಹೂ ಬಲಿಯುವ ಮುಂಚೆ ಕೊಯ್ದು, ಮಗುಚಿ ಮಗುಚಿ ಒಣಗಿಸಿ, ಹಸಿರು ಬಣ್ಣ ಉಳಿದಿರುವಾಗಲೇ ಕಟ್ಟಿಡಿ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಗೂಡಿಗೆ ಹಾಸಲು ಅದು ಸರಿ. ಔಷಧಿ ಸಿಂಪಡಿಸಿದ ಹೊಲದ ಬದುವಿನ ಹುಲ್ಲನ್ನು ಮಾತ್ರ ತರಬೇಡಿ. ಇಷ್ಟು ಪುಟ್ಟ ದೇಹಕ್ಕೆ ಸ್ವಲ್ಪ ವಿಷವೂ ಬಹಳವಾಗುತ್ತದೆ.

ಈಗ ಗುಳಿಗೆಗೆ ಬರೋಣ. ಪೇಟೆಯಲ್ಲಿ ಇದನ್ನು ಪೆಲೆಟ್ ಅನ್ನುತ್ತಾರೆ. ಹುಲ್ಲಿನ ಪುಡಿ, ಬೂಸ, ಹಿಂಡಿ, ಕಾಳಿನ ಹಿಟ್ಟು, ಖನಿಜ, ಜೀವಸತ್ವ ಇವುಗಳನ್ನು ಅರೆದು ಬೆರೆಸಿ, ಹಬೆ ಕೊಟ್ಟು, ಯಂತ್ರದ ತೂತುಗಳ ಮೂಲಕ ಶ್ಯಾವಿಗೆ ಒತ್ತಿದ ಹಾಗೆ ಒತ್ತಿ ತುಂಡು ಮಾಡಿದ ಪದಾರ್ಥ ಇದು. ಇದರ ಲಾಭ ಏನೆಂದರೆ ಪ್ರತಿ ತುಂಡಿನಲ್ಲೂ ಎಲ್ಲ ಅಂಶವೂ ಒಂದೇ ಸಮನಾಗಿರುತ್ತದೆ. ಪ್ರಾಣಿ ರುಚಿಯಾದ್ದನ್ನು ಆರಿಸಿ ತಿಂದು ಬೇಕಾದ್ದನ್ನು ಬಿಡುವಂತಿಲ್ಲ. ಆದರೆ ಗುಳಿಗೆಯಲ್ಲಿ ನಾರು ಎಷ್ಟಿದ್ದರೂ ಅರೆದು ನುಣುಪಾದ ನಾರು ಅದು. ಕರುಳನ್ನು ತಳ್ಳುವ, ಹಲ್ಲನ್ನು ಸವೆಸುವ ಕೆಲಸ ಅದರಿಂದ ಪೂರ್ತಿ ಆಗದು. ಆದಕಾರಣ ಗುಳಿಗೆ ಊಟವಲ್ಲ. ಊಟದ ಪಕ್ಕದ ಪಲ್ಯ ಎಂದು ಭಾವಿಸಿ.

"ಹಾಗಾದರೆ ಆ ಬಣ್ಣದ ಕಾಳಿನ ಮಿಶ್ರಣ ಹೇಗೆ? ನೋಡಲು ಚೆಂದ, ಮೊಲವೂ ಓಡಿ ಬಂದು ತಿನ್ನುತ್ತದೆ" ಅಂತ ಕೇಳುತ್ತಾರೆ. ಇದರ ಮೇಲೆ ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದವರು ೨೦೧೦ರ ದಶಕದಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ೩೨ ಮೊಲಗಳನ್ನು ನಾಲ್ಕು ಗುಂಪು ಮಾಡಿ ೧೭ ತಿಂಗಳು ಸಾಕಿದರು. ಒಂದು ಗುಂಪಿಗೆ ಬರಿಯ ಒಣಹುಲ್ಲು, ಒಂದಕ್ಕೆ ಹುಲ್ಲು ಮತ್ತು ಗುಳಿಗೆ, ಒಂದಕ್ಕೆ ಹುಲ್ಲು ಮತ್ತು ಕಾಳಿನ ಮಿಶ್ರಣ, ಕೊನೆಯದಕ್ಕೆ ಬರಿಯ ಮಿಶ್ರಣ. ಮಿಶ್ರಣ ತಿಂದವು ತಮಗೆ ಬೇಕಾದ್ದನ್ನಷ್ಟೇ ಆರಿಸಿ ತಿಂದವು, ಹುಲ್ಲು ಕೊಟ್ಟರೂ ಕಡಿಮೆ ತಿಂದವು, ಕೊಬ್ಬಿದವು. ಹಲ್ಲಿನ ಕಾಯಿಲೆಯೂ ಅವುಗಳಲ್ಲಿ ಕಾಣಿಸಿಕೊಂಡಿತು. ಮಕ್ಕಳು ಉಪ್ಪಿಟ್ಟಿನಲ್ಲಿ ಗೋಡಂಬಿ ಮಾತ್ರ ಆರಿಸಿ ತಿನ್ನುವುದಿಲ್ಲವೆ, ಹಾಗೆ! ಆದ್ದರಿಂದ ಕಾಳು, ಒಣಹಣ್ಣು, ಬಣ್ಣದ ಚೂರು ಬೆರೆತ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರದ ಗುಳಿಗೆಯನ್ನೇ ಕೇಳಿ.

ಅಂಗಡಿಗೆ ಹೋದಾಗ ಪೊಟ್ಟಣದ ಹಿಂಭಾಗ ತಿರುಗಿಸಿ ಓದಿ. ಮುಂಭಾಗದಲ್ಲಿ ಮೊಲದ ಚಿತ್ರ ಇರುತ್ತದೆ. ಸತ್ಯ ಇರುವುದು ಹಿಂದೆ. ಓದಲು ಬಾರದವರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ. ನೋಡಬೇಕಾದ್ದು ಐದು ಸಂಗತಿ.

ಮೊದಲನೆಯದು ನಾರು. ಬೆಳೆದ ಮೊಲದ ಗುಳಿಗೆಯಲ್ಲಿ ನಾರಿನಂಶ ನೂರಕ್ಕೆ ೧೮ ಭಾಗಕ್ಕೆ ಕಡಿಮೆ ಇರಕೂಡದು. ೨೦ಕ್ಕೆ ಮೇಲಿದ್ದರೆ ಇನ್ನೂ ಒಳ್ಳೆಯದು. ಇಲ್ಲಿ ಒಂದು ಸೂಕ್ಷ್ಮ ಉಂಟು. ಕೆಲವು ಪೊಟ್ಟಣಗಳಲ್ಲಿ ನಾರು "ಗರಿಷ್ಠ ಇಷ್ಟು" ಎಂದು ಬರೆದಿರುತ್ತದೆ. ಗರಿಷ್ಠ ೧೮ ಎಂದರೆ ಒಳಗೆ ೧೦ ಇದ್ದರೂ ಅವರು ಬರೆದದ್ದು ಸುಳ್ಳಾಗದು. ನಮಗೆ ಬೇಕಾದ್ದು "ಕನಿಷ್ಠ ಇಷ್ಟು" ಎಂಬ ಮಾತು. ಗರಿಷ್ಠ, ಕನಿಷ್ಠ ಎರಡೂ ಬರೆದಿದ್ದರೆ ಕನಿಷ್ಠವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಸಸಾರಜನಕ, ಅಂದರೆ ಪ್ರೋಟೀನು. ಬೆಳೆದ ಸಾಕುಮೊಲಕ್ಕೆ ನೂರಕ್ಕೆ ೧೨ ರಿಂದ ೧೫ ಸಾಕು. ಗಿನಿಪಿಗ್‌ಗೆ ೧೪ ರಿಂದ ೧೮ ಇರಬಹುದು. ಮಾಂಸಕ್ಕಾಗಿ ಸಾಕುವ ಮೊಲಗಳ ಗುಳಿಗೆ ಬೇರೆ. ಅದು ಮರಿ ಬೇಗ ತೂಕ ಬರಲೆಂದು ಪ್ರೋಟೀನು, ಪಿಷ್ಟ ಎರಡನ್ನೂ ಹೆಚ್ಚಿಟ್ಟು ಮಾಡಿದ್ದು. ಕೆಲವೇ ತಿಂಗಳು ಇರುವ ಮರಿಗೆ ಸರಿಯಾದದ್ದು ಹತ್ತು ವರ್ಷ ಬದುಕಬೇಕಾದ ಪ್ರಾಣಿಗೆ ಸರಿಯಾಗದು.

ಮೂರನೆಯದು ಜಿಡ್ಡು. ನೂರಕ್ಕೆ ೨ ರಿಂದ ೩ ಸಾಕು, ೪ ದಾಟಬಾರದು. ಎಣ್ಣೆಕಾಳು, ಕಡಲೆಕಾಯಿ ಬೀಜ ಬೆರೆತ ಆಹಾರ ಈ ಮಿತಿ ಮೀರುತ್ತದೆ.

ನಾಲ್ಕನೆಯದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ನೂರಕ್ಕೆ ಅರ್ಧದಿಂದ ಒಂದು ಭಾಗದೊಳಗೆ ಇರಲಿ. ಬೇರೆ ಪ್ರಾಣಿಗಳು ಬೇಕಾದಷ್ಟು ಸುಣ್ಣ ಹೀರಿ ಮಿಕ್ಕದ್ದನ್ನು ಸಗಣಿಯಲ್ಲಿ ಬಿಡುತ್ತವೆ. ಮೊಲ ಹಾಗಲ್ಲ, ತಿಂದದ್ದರಲ್ಲಿ ಬಹುಪಾಲನ್ನು ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಸುಣ್ಣ ಅತಿಯಾದರೆ ಮೂತ್ರ ಸುಣ್ಣದ ತಿಳಿಯಂತೆ ಗಟ್ಟಿಯಾಗುತ್ತದೆ, ಕಲ್ಲೂ ಕಟ್ಟಬಹುದು. ಗಿನಿಪಿಗ್‌ಗೂ ಮೂತ್ರದ ಕಲ್ಲಿನ ಬಾಧೆ ಉಂಟು. ಕುದುರೆಮಸಾಲೆ, ಅಂದರೆ ಲೂಸರ್ನ್ ಸೊಪ್ಪಿನಲ್ಲಿ ಸುಣ್ಣವೂ ಪ್ರೋಟೀನೂ ಹೆಚ್ಚು. ಅದರಿಂದ ಮಾಡಿದ ಗುಳಿಗೆ ಆರು ತಿಂಗಳೊಳಗಿನ ಮರಿಗೆ, ಹಾಲೂಡುವ ತಾಯಿಗೆ ಒಳ್ಳೆಯದು. ಬೆಳೆದು ಕೂತ ಪ್ರಾಣಿಗೆ ಬರಿಯ ಹುಲ್ಲಿನ ಪುಡಿಯಿಂದ ಮಾಡಿದ್ದೇ ಮೇಲು.

ಐದನೆಯದು ಪದಾರ್ಥಗಳ ಪಟ್ಟಿ. ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಬರುವುದು ವಾಡಿಕೆ. ಮೊದಲ ಹೆಸರು ಹುಲ್ಲು ಅಥವಾ ಹುಲ್ಲಿನ ಪುಡಿ ಆಗಿದ್ದರೆ ಸಮಾಧಾನ. ಮೊದಲೇ ಮೆಕ್ಕೆಜೋಳ, ಗೋಧಿ, ಅಕ್ಕಿ ನುಚ್ಚು ಬಂದಿದ್ದರೆ ಅದು ಪಿಷ್ಟದ ಮುದ್ದೆ. ಸಕ್ಕರೆ, ಜೇನು, ಕೃತಕ ಬಣ್ಣ ಇರುವುದು ಬೇಡ. ಗುಳಿಗೆ ಅಂಟಿಕೊಳ್ಳಲೆಂದು ಸ್ವಲ್ಪ ಕಾಕಂಬಿ ಹಾಕುವುದುಂಟು; ಅದು ಪಟ್ಟಿಯ ಕೊನೆಯಲ್ಲಿದ್ದರೆ ಚಿಂತೆಯಿಲ್ಲ.

ಇಷ್ಟು ನೋಡಿದ ಮೇಲೆ ತಯಾರಾದ ತಾರೀಖು ನೋಡಿ. ಗಿನಿಪಿಗ್ ಸಾಕಿದವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಕಾರಣ ಹೇಳುತ್ತೇನೆ. ಹಸು, ನಾಯಿ, ಮೊಲ ಇವೆಲ್ಲ 'ಸಿ' ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಗಿನಿಪಿಗ್‌ಗೂ ಆ ಶಕ್ತಿಯಿಲ್ಲ, ತಿಂದೇ ಪಡೆಯಬೇಕು. ೧೯೦೭ರಲ್ಲಿ ನಾರ್ವೆ ದೇಶದ ಆಕ್ಸೆಲ್ ಹೋಲ್ಸ್ಟ್, ಥಿಯೋಡೋರ್ ಫ್ರೋಲಿಕ್ ಎಂಬ ಇಬ್ಬರು ವಿದ್ವಾಂಸರು ಹಡಗಿನ ನಾವಿಕರಿಗೆ ಬರುವ ಒಂದು ರೋಗವನ್ನು ಅರಿಯಲು ಗಿನಿಪಿಗ್‌ಗಳಿಗೆ ಬರಿಯ ಧಾನ್ಯ, ರೊಟ್ಟಿ ತಿನ್ನಿಸಿದರು. ಅವಕ್ಕೆ ಸ್ಕರ್ವಿ ರೋಗ ಬಂತು. ಹಸಿ ಕೋಸು, ನಿಂಬೆರಸ ಕೊಟ್ಟರೆ ಅದು ತಡೆಯಿತು. ೧೯೩೨ರಲ್ಲಿ 'ಸಿ' ಜೀವಸತ್ವವನ್ನು ಗುರುತಿಸಲು ಆದದ್ದೂ ಇದೇ ಪ್ರಾಣಿಯಿಂದ. ಮನುಷ್ಯರಿಗೆ ಇಷ್ಟು ಉಪಕಾರ ಮಾಡಿದ ಜೀವಿಯನ್ನು ಇಂದಿಗೂ ಬರಿಯ ಕಾಳು, ರೊಟ್ಟಿ ಹಾಕಿ ಅದೇ ರೋಗಕ್ಕೆ ದೂಡುವುದು ಸರಿಯೆ?

ಗಿನಿಪಿಗ್‌ಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ೧೦ ರಿಂದ ೩೦ ಮಿಲಿಗ್ರಾಂ 'ಸಿ' ಜೀವಸತ್ವ ಬೇಕು. ಗಬ್ಬವಾದಾಗ, ಕಾಯಿಲೆಯಾದಾಗ ಹೆಚ್ಚಿನ ಮಟ್ಟದಲ್ಲಿರಲಿ. ಗುಳಿಗೆಯಲ್ಲಿ ಇದನ್ನು ಬೆರೆಸಿರುತ್ತಾರೆ. ಆದರೆ ಸೆಕೆ, ಬೆಳಕು, ತೇವಗಳಿಗೆ ಅದು ಕರಗಿ ಹೋಗುತ್ತದೆ. ಸಾಧಾರಣವಾಗಿ ಬೆರೆಸಿದ್ದು ತಯಾರಾದ ಮೂರು ತಿಂಗಳಿಗೆ ಅರ್ಧದಷ್ಟು ನಷ್ಟವಾಗಬಹುದು. ಒಂದು ಲೆಕ್ಕ ಮಾಡಿ. ಕಿಲೋಗೆ ೫೦೦ ಮಿಲಿಗ್ರಾಂ ಬೆರೆಸಿದ ಗುಳಿಗೆ ಅಂತಿಟ್ಟುಕೊಳ್ಳಿ. ಪ್ರಾಣಿ ದಿನಕ್ಕೆ ೨೦ ಗ್ರಾಂ ತಿಂದರೆ ಹೊಸದರಲ್ಲಿ ಸಿಗುವುದು ೧೦ ಮಿಲಿಗ್ರಾಂ. ಅರ್ಧ ನಷ್ಟವಾದ ಮೇಲೆ ೫ ಮಾತ್ರ. ಸಾಲುವುದಿಲ್ಲ. ಎರಡು ಮೂರು ವಾರ ಹೀಗೇ ಆದರೆ ಕೂದಲು ಒರಟಾಗುತ್ತದೆ, ಕೀಲು ಊದಿ ಕುಂಟುತ್ತದೆ, ಮುಟ್ಟಿದರೆ ಕಿರುಚುತ್ತದೆ, ತಿನ್ನುವುದು ಬಿಡುತ್ತದೆ.

ಆದ್ದರಿಂದ ಗುಳಿಗೆಯನ್ನೇ ನಂಬಿ ಕೂರದೆ ಪ್ರತಿದಿನ ಹಸಿ ಪದಾರ್ಥ ಕೊಡಿ. ಹಸಿರು ದೊಣ್ಣೆಮೆಣಸಿನಕಾಯಿಯ ೨೫ ಗ್ರಾಂ ಚೂರಿನಲ್ಲಿ ಸುಮಾರು ೨೦ ಮಿಲಿಗ್ರಾಂ ಉಂಟು. ಕೊತ್ತಂಬರಿ ಸೊಪ್ಪು ಒಳ್ಳೆಯದು. ಸೀಬೆಹಣ್ಣಿನ ಒಂದು ಸಣ್ಣ ಚೂರು ಆಗಾಗ್ಗೆ ಸಾಕು, ಅದರಲ್ಲಿ ಸಕ್ಕರೆಯೂ ಇದೆ. ಜೀವಸತ್ವದ ಮಾತ್ರೆಯನ್ನು ಕುಡಿಯುವ ನೀರಿಗೆ ಹಾಕಬೇಡಿ. ಬೇಗ ನಷ್ಟವಾಗುತ್ತದೆ, ರುಚಿ ಕೆಟ್ಟರೆ ನೀರು ಕುಡಿಯುವುದನ್ನೇ ಬಿಡುತ್ತದೆ. ಇನ್ನೊಂದು ಮಾತು: ಮೊಲದ ಗುಳಿಗೆಯಲ್ಲಿ 'ಸಿ' ಜೀವಸತ್ವ ಬೆರೆಸುವ ಅಗತ್ಯವಿಲ್ಲದ್ದರಿಂದ ಅದನ್ನು ಗಿನಿಪಿಗ್‌ಗೆ ಹಾಕಿ ಸಾಕಲಾಗದು. ಎರಡನ್ನೂ ಸಾಕಿದವರು ಎರಡು ಡಬ್ಬಿ ಇಡಲೇಬೇಕು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಅಭ್ಯಾಸ ಉಂಟು. "ಕೊಟ್ಟಿಗೆಯಲ್ಲಿ ಪಶು ಆಹಾರದ ಮೂಟೆ ಇದೆ, ಕೋಳಿ ಫೀಡೂ ಇದೆ. ಒಂದು ಹಿಡಿ ಇದಕ್ಕೂ ಹಾಕಿದರೆ ಆಯಿತು" ಅನ್ನುತ್ತಾರೆ. ದಯವಿಟ್ಟು ಬೇಡ. ಹಸುವಿನ ಕೆಲವು ಆಹಾರಗಳಲ್ಲಿ ಯೂರಿಯ ಬೆರೆಸಿರುತ್ತದೆ. ಮೆಲುಕು ಹಾಕುವ ಪ್ರಾಣಿ ಅದನ್ನು ಅರಗಿಸಿಕೊಂಡೀತು; ಇವು ಅರಗಿಸಿಕೊಳ್ಳಲಾರವು. ಕೋಳಿ ಆಹಾರದಲ್ಲಿ ರಕ್ತಭೇದಿ ತಡೆಯುವ ಔಷಧಿ ಬೆರೆಸುವುದುಂಟು; ಅಂಥ ಕೆಲವು ಔಷಧಿ ಮೊಲಕ್ಕೆ ವಿಷ. ಎರಡೂ ಆಕಾರದಲ್ಲಿ ಗುಳಿಗೆಯೇ ಇರಬಹುದು. ಆಕಾರ ಒಂದೇ ಅಂತ ಗುಣ ಒಂದೇ ಆಗುವುದಿಲ್ಲ. ಬೆಳ್ಳಗಿರುವುದೆಲ್ಲಾ ಹಾಲಲ್ಲ ಎಂಬ ಗಾದೆ ಇಲ್ಲವೆ?

ಪೇಟೆಯ ಕೆಲವು ಅಂಗಡಿಗಳಲ್ಲಿ ದೊಡ್ಡ ಮೂಟೆ ಬಿಚ್ಚಿ ಬಿಡಿಯಾಗಿ ತೂಗಿ ಕವರಿನಲ್ಲಿ ಕಟ್ಟಿ ಕೊಡುತ್ತಾರೆ. ಬೆಲೆ ಅಗ್ಗ. ಆದರೆ ಅದು ಯಾವ ಪ್ರಾಣಿಗೆ ಮಾಡಿದ್ದು, ಯಾವಾಗ ಮಾಡಿದ್ದು, ಎಷ್ಟು ದಿನದಿಂದ ಗಾಳಿಗೆ ತೆರೆದಿದೆ, ಒಂದೂ ತಿಳಿಯದು. ಕೊಳ್ಳಲೇಬೇಕಾಗಿ ಬಂದರೆ ಮೂಟೆಯ ಚೀಟಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಬೇರೆ ಅಂಗಡಿ ನೋಡಿ.

ಕಣ್ಣು, ಮೂಗು, ಕೈ ಈ ಮೂರರಿಂದಲೂ ಪರೀಕ್ಷೆ ಮಾಡಿ. ಒಳ್ಳೆಯ ಗುಳಿಗೆ ಒಣಹುಲ್ಲಿನ ಮಾಸಲು ಹಸಿರು ಇಲ್ಲವೆ ಕಂದು ಬಣ್ಣವಿರುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಗಟ್ಟಿಯಾಗಿರಬೇಕು, ತಳದಲ್ಲಿ ಪುಡಿ ಹೆಚ್ಚಿರಬಾರದು. ಮುಗ್ಗಲು ವಾಸನೆ, ಹುಳದ ಬಲೆ, ಅಂಟಿಕೊಂಡ ಗಂಟು, ಬಿಳಿ ಇಲ್ಲವೆ ಹಸಿರು ಬೂಷ್ಟು ಕಂಡರೆ ತಿಪ್ಪೆಗೆ ಹಾಕಿ. ಬಿಸಿಲಿಗೆ ಹಾಕಿ ಒಣಗಿಸಿ ಕೊಡೋಣ ಎಂಬ ಆಲೋಚನೆ ಬೇಡ. ಬೂಷ್ಟು ಒಣಗುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಮೊಲ ಈ ವಿಷವನ್ನು ಸ್ವಲ್ಪವೂ ತಾಳದ ಪ್ರಾಣಿ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ವಿಶೇಷ ಜಾಗ್ರತೆ ವಹಿಸಬೇಕು. ಒಂದು ತಿಂಗಳಿಗೆ ಸಾಲುವಷ್ಟೇ ತನ್ನಿ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ. ಗೊಬ್ಬರ, ಕೀಟನಾಶಕ ಇಟ್ಟ ಕೋಣೆಯಲ್ಲಿ ಮಾತ್ರ ಇಡಕೂಡದು. ಪೊಟ್ಟಣದ ಚೀಟಿ ಹರಿದು ಬಿಸಾಡದೆ ಡಬ್ಬಿಗೆ ಅಂಟಿಸಿಡಿ.

ಇನ್ನು ಎಷ್ಟು ಕೊಡಬೇಕು? ಬೆಳೆದ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ ೨೦ ರಿಂದ ೨೫ ಗ್ರಾಂ, ಅದಕ್ಕೆ ಮೇಲೆ ಬೇಡ. ಎರಡು ಕಿಲೋ ಮೊಲಕ್ಕೆ ೪೦ ರಿಂದ ೫೦ ಗ್ರಾಂ ಆಯಿತು. ಬೆಳೆದ ಗಿನಿಪಿಗ್‌ಗೆ ೧೫ ರಿಂದ ೨೦ ಗ್ರಾಂ, ಸುಮಾರು ಎರಡು ದೊಡ್ಡ ಚಮಚ. ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಒಂದು ಲೋಟಕ್ಕೆ ಆ ಮಟ್ಟದಲ್ಲಿ ಗೆರೆ ಹಾಕಿಡಿ. ಆಮೇಲೆ ಮಕ್ಕಳೂ ಅಳತೆ ತಪ್ಪದೆ ಕೊಡಬಹುದು. ಇದನ್ನು ಬೆಳಗ್ಗೆ ಅರ್ಧ, ಸಂಜೆ ಅರ್ಧ ಕೊಡಿ. ಬಟ್ಟಲು ಖಾಲಿಯಾಯಿತೆಂದು ಮತ್ತೆ ಸುರಿಯಬೇಡಿ. ಹಸಿವಾದರೆ ಹುಲ್ಲು ತಿನ್ನಲಿ, ಅದೇ ನಮಗೆ ಬೇಕಾದ್ದು. ಆರು ತಿಂಗಳೊಳಗಿನ ಮರಿಗೆ ಮಾತ್ರ ಗುಳಿಗೆಯನ್ನು ಧಾರಾಳವಾಗಿ ಕೊಡಬಹುದು. ಆಮೇಲೆ ಮೆಲ್ಲಮೆಲ್ಲನೆ ಇಳಿಸಿ. ನೀರು ಸದಾ ಇರಬೇಕು. ಕಲಬುರಗಿ, ರಾಯಚೂರು ಸೀಮೆಯ ಬೇಸಗೆಯಲ್ಲಿ ದಿನಕ್ಕೆರಡು ಮೂರು ಸಲ ಬದಲಾಯಿಸಿ.

ಒಂದು ಆಹಾರದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಆತುರ ಬೇಡ. ಹೊಟ್ಟೆಯ ಸೂಕ್ಷ್ಮ ಜೀವಿಗಳು ಹೊಸದಕ್ಕೆ ಒಗ್ಗಲು ಸಮಯ ಬೇಕು. ಮೊದಲು ಮೂರು ಪಾಲು ಹಳೆಯದು ಒಂದು ಪಾಲು ಹೊಸದು, ಆಮೇಲೆ ಅರ್ಧ ಅರ್ಧ, ಹೀಗೆ ಎಂಟು ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಿ. ಹಳೆಯದು ಮುಗಿದೇ ಹೋದ ಮೇಲೆ ಹೊಸದನ್ನು ತರುವುದರಿಂದ ಈ ತೊಂದರೆ ಬರುತ್ತದೆ. ನಾಲ್ಕು ಹಿಡಿ ಉಳಿದಿರುವಾಗಲೇ ಅಂಗಡಿಗೆ ಹೋಗಿ.

"ನಮ್ಮೂರಲ್ಲಿ ಗುಳಿಗೆ ಸಿಗುವುದೇ ಇಲ್ಲ, ಕೊಳ್ಳುವ ಶಕ್ತಿಯೂ ಇಲ್ಲ" ಎನ್ನುವವರು ಎದೆಗುಂದಬೇಕಾಗಿಲ್ಲ. ಒಳ್ಳೆಯ ಹುಲ್ಲು ಹಗಲಿರುಳೂ ಇದ್ದು, ದಿನಕ್ಕೊಂದಷ್ಟು ಬಗೆಬಗೆಯ ಸೊಪ್ಪು ಸಿಕ್ಕಿದರೆ ಬೆಳೆದ ಮೊಲ ಗುಳಿಗೆಯಿಲ್ಲದೆಯೂ ಚೆನ್ನಾಗಿ ಬದುಕುತ್ತದೆ. ಗಿನಿಪಿಗ್‌ಗೆ 'ಸಿ' ಜೀವಸತ್ವದ ತರಕಾರಿ ತಪ್ಪದಿದ್ದರೆ ಸರಿ. ಕೆಟ್ಟ ಗುಳಿಗೆ ಕೊಡುವುದಕ್ಕಿಂತ ಗುಳಿಗೆಯನ್ನೇ ಕೊಡದಿರುವುದು ಎಷ್ಟೋ ಮೇಲು. ಕ್ಯಾರೆಟ್ ಮೊಲದ ಮುಖ್ಯ ಆಹಾರ ಎಂಬುದು ಚಿತ್ರಪುಸ್ತಕದ ಮಾತು. ಅದರಲ್ಲಿ ಸಕ್ಕರೆ ಹೆಚ್ಚು, ವಾರಕ್ಕೆ ಒಂದೆರಡು ಸಲ ಒಂದು ಬಿಲ್ಲೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಬಿಸ್ಕತ್ತು, ಅನ್ನ, ಚಪಾತಿ ಬೇಡವೇ ಬೇಡ.

ಆರಿಸಿದ್ದು ಸರಿಯೋ ತಪ್ಪೋ ಎಂಬುದನ್ನು ಪ್ರಾಣಿಯೇ ಹೇಳುತ್ತದೆ. ಮೊಲದ ಹಿಕ್ಕೆ ಕಡಲೆಕಾಳಿನಂತೆ ಗುಂಡಗೆ, ಒಣಗಿ, ಒಂದೇ ಅಳತೆಯಲ್ಲಿ ಧಾರಾಳವಾಗಿ ಬೀಳುತ್ತಿದ್ದರೆ ಸುಖ. ಚಿಕ್ಕದಾಗುತ್ತ ಕಡಿಮೆಯಾಗುತ್ತ ಬಂದರೆ ನಾರು ಸಾಲದು. ಮೆತ್ತಗಿನ ಹಿಕ್ಕೆಯನ್ನು ತಿನ್ನದೆ ಬಿಟ್ಟು ಅದು ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಆಹಾರದಲ್ಲಿ ಸತ್ವ ಅತಿಯಾಗಿರಬಹುದು, ಗುಳಿಗೆ ಇಳಿಸಿ. ಮಳೆಗಾಲದಲ್ಲಿ ಅಲ್ಲಿ ನೊಣ ಕೂತು ಮೊಟ್ಟೆಯಿಟ್ಟು ಹುಳು ಬೀಳುವ ಭಯ ಉಂಟು, ದಿನವೂ ನೋಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೊಲವಾಗಲಿ ಗಿನಿಪಿಗ್ ಆಗಲಿ ೧೨ ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಉಳಿದ ಮನುಷ್ಯರ ಔಷಧಿ ಕೊಡಬೇಡಿ. ನಮಗೆ ಒಗ್ಗುವ ಕೆಲವು ಆ್ಯಂಟಿಬಯೋಟಿಕ್ ಮಾತ್ರೆಗಳು ಇವುಗಳ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣಕ್ಕೇ ಎರವಾಗುತ್ತವೆ.

ಹೇಳಿದ್ದನ್ನು ಚಿಕ್ಕದಾಗಿ ಮತ್ತೆ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಹುಲ್ಲು ಮೊದಲು, ಗುಳಿಗೆ ಆಮೇಲೆ. ಒಂದೇ ಬಣ್ಣದ ಗುಳಿಗೆ; ಕಾಳಿನ ಮಿಶ್ರಣ ಬೇಡ. ನಾರು ಕನಿಷ್ಠ ೧೮. ಗಿನಿಪಿಗ್‌ಗೆ ಅದರದೇ ಗುಳಿಗೆ, ಜೊತೆಗೆ ದಿನವೂ ಹಸಿ ತರಕಾರಿ. ತಾರೀಖು ನೋಡಿ ಕೊಳ್ಳಿ, ಅಳೆದು ಕೊಡಿ, ಒಣಜಾಗದಲ್ಲಿಡಿ. ದನದ, ಕೋಳಿಯ ಆಹಾರ ಹತ್ತಿರಕ್ಕೂ ತರಬೇಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಗೂಡಿನಲ್ಲಿರುವ ಪ್ರಾಣಿ ತನ್ನ ಊಟವನ್ನು ತಾನು ಆರಿಸಿಕೊಳ್ಳಲಾರದು. ಅದರ ಪರವಾಗಿ ಬಲ್ಲವರಾಗಬೇಕಾದವರು ನಾವು. ಈ ಸಂಜೆ ನಿಮ್ಮ ಮನೆಯ ಮೊಲದ ಬಟ್ಟಲನ್ನು ಒಮ್ಮೆ ನೋಡಿ, ಪಕ್ಕದಲ್ಲಿ ಹುಲ್ಲು ಇದೆಯೇ ನೋಡಿ. ಇಲ್ಲದಿದ್ದರೆ ಮಕ್ಕಳ ಕೈಗೆ ಕುಡುಗೋಲು ಕೊಡದೆ ನೀವೇ ಹೋಗಿ ಬದುವಿನಿಂದ ಒಂದು ಹೊರೆ ಗರಿಕೆ ಕೊಯ್ದು ತನ್ನಿ.